ತಾಯಿಯ ಹಾಲು, ತಾಯಂದಿರ ತಿಳಿವಳಿಕೆ

ಸ್ವೀಡನ್ ದೇಶದ ನಿಸರ್ಗವಿಜ್ಞಾನಿ ಲಿನೀಯಸನು 1758ರಲ್ಲಿ ಪ್ರಾಣಿಗಳ ವರ್ಗೀಕರಣವನ್ನು ತಿದ್ದಿ ಪ್ರಕಟಿಸಿದಾಗ, ಇಲಿ, ಆನೆ, ಬಾವಲಿ, ತಿಮಿಂಗಿಲ, ಮನುಷ್ಯ ಇವೆಲ್ಲವನ್ನೂ ಒಂದೇ ವರ್ಗಕ್ಕೆ ಸೇರಿಸಿ, ಅದಕ್ಕೆ ಸ್ತನವನ್ನೇ ಗುರುತಾಗಿಟ್ಟು ಹೆಸರು ಕೊಟ್ಟನು. ನಾವು ಅವನ್ನು ಸಸ್ತನಿಗಳು ಎನ್ನುತ್ತೇವೆ. ಗಾತ್ರದಲ್ಲಿ, ರೂಪದಲ್ಲಿ, ವಾಸಸ್ಥಳದಲ್ಲಿ ಇವುಗಳೊಳಗೆ ಏನೇ ಭೇದವಿದ್ದರೂ, ಮರಿಗೆ ಬೇಕಾದ ಆಹಾರವನ್ನು ತನ್ನ ದೇಹದಲ್ಲಿಯೇ ಸಿದ್ಧಪಡಿಸಿ ಉಣಿಸುವ ಗುಣವೊಂದು ಎಲ್ಲಕ್ಕೂ ಸಮಾನವಾದುದು.

ಇಷ್ಟು ಪ್ರಾಚೀನವೂ ಸಹಜವೂ ಆದ ಕಾರ್ಯವು ತಾನಾಗಿಯೇ ನಡೆಯಬೇಕಲ್ಲವೇ? ಹಸು ಈದ ಕೆಲವು ಗಂಟೆಗಳೊಳಗೆ ಕರುವು ತಡವರಿಸುತ್ತ ಎದ್ದು ನಿಂತು ತಾನೇ ಕೆಚ್ಚಲನ್ನು ಹುಡುಕಿಕೊಳ್ಳುತ್ತದೆ. ಮನುಷ್ಯರ ಕೂಸಿಗೆ ಎದ್ದು ನಿಲ್ಲುವ ಶಕ್ತಿಯಿಲ್ಲ. ಬಾಯಿಗೆ ತಗುಲಿದುದನ್ನು ಚೀಪುವ ಪ್ರವೃತ್ತಿ ಅದಕ್ಕೆ ಹುಟ್ಟಿನಿಂದಲೇ ಉಂಟು. ಆದರೆ ಅದನ್ನು ಎತ್ತಿ ಎದೆಗೆ ಸರಿಯಾಗಿ ಹಿಡಿಯಬೇಕಾದವಳು ತಾಯಿ. ಹೇಗೆ ಹಿಡಿಯಬೇಕೆಂಬುದು ಅವಳು ನೋಡಿ, ಕೇಳಿ ಕಲಿಯತಕ್ಕ ವಿದ್ಯೆ. ಆದುದರಿಂದಲೇ ಚೊಚ್ಚಲ ಬಾಣಂತಿಯರಲ್ಲಿ ಅನೇಕರು ಮೊದಲ ವಾರದಲ್ಲಿಯೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ತೊಟ್ಟು ಬಿರಿಯುತ್ತದೆ, ಎದೆ ಕಲ್ಲಿನಂತೆ ಬಿಗಿಯುತ್ತದೆ, ಮಗು ಅಳುತ್ತದೆ. “ನನಗೆ ಹಾಲು ಸಾಲದು” ಎಂಬ ನಿರ್ಧಾರಕ್ಕೆ ತಾಯಿ ಬಂದುಬಿಡುತ್ತಾಳೆ. ಈ ನಿರ್ಧಾರವು ಬಹುಮಟ್ಟಿಗೆ ತಪ್ಪು ಎಂಬುದನ್ನೂ, ಅದನ್ನು ತಪ್ಪಿಸುವುದರಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುವ ಮಾತಿಗೆ ಎಷ್ಟು ಬಲವಿದೆಯೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಹಾಲು ಹುಟ್ಟುವ ಬಗೆ

ಸ್ತನದಲ್ಲಿ ಎರಡು ಬಗೆಯ ಅಂಗಾಂಶಗಳು ಮುಖ್ಯವಾದುವು: ಹಾಲನ್ನು ತಯಾರಿಸುವ ಗ್ರಂಥಿ ಮತ್ತು ಅದರ ಸುತ್ತ ತುಂಬಿಕೊಂಡಿರುವ ಕೊಬ್ಬು. ಗ್ರಂಥಿಯನ್ನು ಒಂದು ದ್ರಾಕ್ಷಿಯ ಗೊಂಚಲಿಗೆ ಹೋಲಿಸಬಹುದು. ಹಣ್ಣುಗಳ ಸ್ಥಾನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಅವುಗಳ ಒಳಗೋಡೆಯ ಜೀವಕೋಶಗಳು ರಕ್ತದಿಂದ ಬೇಕಾದ ವಸ್ತುಗಳನ್ನು ಆರಿಸಿಕೊಂಡು ಹಾಲನ್ನು ತಯಾರಿಸುತ್ತವೆ. ತೊಟ್ಟಿನ ಸ್ಥಾನದಲ್ಲಿರುವ ಸಣ್ಣ ನಾಳಗಳು ಕೂಡಿ ಕೂಡಿ ದೊಡ್ಡವಾಗಿ ಮೊಲೆತೊಟ್ಟಿನಲ್ಲಿ ತೆರೆದುಕೊಳ್ಳುತ್ತವೆ. ಸ್ತನದ ಗಾತ್ರವು ಹೆಚ್ಚಾಗಿ ಕೊಬ್ಬಿನ ಪ್ರಮಾಣವನ್ನು ಅವಲಂಬಿಸಿದೆ. ಹೀಗಾಗಿ ಚಿಕ್ಕ ಸ್ತನವುಳ್ಳವಳಿಗೆ ಹಾಲು ಕಡಿಮೆ ಎಂಬ ನಂಬಿಕೆಗೆ ಆಧಾರವಿಲ್ಲ.

ಗರ್ಭಿಣಿಯಾಗಿರುವಾಗಲೇ ಗ್ರಂಥಿಯು ಬೆಳೆದು ಸಿದ್ಧವಾಗಿರುತ್ತದೆ. ಆದರೆ ಮಾಸುಚೀಲವು ಸ್ರವಿಸುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಅದರ ಕೆಲಸವನ್ನು ತಡೆದಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದೊಡನೆ ಆ ತಡೆ ಸರಿಯುತ್ತದೆ. ಆದರೂ ಹಾಲು ತುಂಬಿ ಬರಲು ಎರಡು ಮೂರು ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು. ಹಸುವಿನಲ್ಲಿ ಇದನ್ನೇ ಗಿಣ್ಣು ಎಂದು ಕರೆದು, ಕಾಯಿಸಿ ಬೆಲ್ಲ ಹಾಕಿ ನಾವು ಸವಿಯುವುದುಂಟು. ಆದರೆ ಹಸುವಿನ ಗಿಣ್ಣನ್ನು ಮೆಚ್ಚುವ ಜನರೇ ತಾಯಿಯ ಗಿಣ್ಣುಹಾಲನ್ನು ಕೆಟ್ಟದೆಂದು ಬಗೆದು ಹಿಂಡಿ ಚೆಲ್ಲಿಸುತ್ತಿದ್ದರು! ರೋಗಾಣುಗಳನ್ನು ತಡೆಯುವ ಪ್ರತಿರಕ್ಷಕ ವಸ್ತುಗಳು ಈ ಹಾಲಿನಲ್ಲಿ ಬಹಳ ಸಾಂದ್ರವಾಗಿರುವುದರಿಂದ ಮಗುವಿಗೆ ದೊರೆಯುವ ಮೊದಲ ರಕ್ಷೆಯೇ ಇದು. ಮೊದಲ ದಿನದ ಒಟ್ಟು ಪ್ರಮಾಣ ಕೆಲವೇ ಚಮಚಗಳಷ್ಟಿದ್ದರೂ ಹೆದರಬೇಕಾಗಿಲ್ಲ. ಆ ದಿನ ಶಿಶುವಿನ ಹೊಟ್ಟೆ ಹಿಡಿಯುವುದೂ ಅಷ್ಟೇ. ಕೆಲವು ವಾರಗಳು ಕಳೆಯುವಷ್ಟರಲ್ಲಿ ತಾಯಿಯು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲನ್ನು ಕೊಡುತ್ತಿರುತ್ತಾಳೆ.

ಇನ್ನು ಮುಂದಿನ ವ್ಯವಸ್ಥೆಯೇ ಬಹು ಸ್ವಾರಸ್ಯವಾದುದು. ಮಗು ಚೀಪಿದಾಗ ತೊಟ್ಟಿನ ನರಗಳು ಮಿದುಳಿಗೆ ಸುದ್ದಿಯನ್ನು ಒಯ್ಯುತ್ತವೆ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಆಗ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮೊದಲನೆಯದು ಪ್ರೊಲ್ಯಾಕ್ಟಿನ್; ಹಾಲನ್ನು ತಯಾರಿಸುವಂತೆ ಜೀವಕೋಶಗಳನ್ನು ಪ್ರೇರಿಸುವುದು ಇದರ ಕೆಲಸ. ಎರಡನೆಯದು ಆಕ್ಸಿಟೋಸಿನ್; ಹಾಲಿನ ಚೀಲಗಳನ್ನು ಬಲೆಯಂತೆ ಸುತ್ತಿರುವ ಸ್ನಾಯುಕೋಶಗಳನ್ನು ಇದು ಬಿಗಿಗೊಳಿಸಿ, ಸಿದ್ಧವಾಗಿರುವ ಹಾಲನ್ನು ನಾಳಗಳಿಗೆ ತಳ್ಳುತ್ತದೆ. ಈ ಆಕ್ಸಿಟೋಸಿನ್ನಿನ ರಚನೆಯನ್ನು ಕಂಡುಹಿಡಿದು 1953ರಲ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ನೊಬೆಲ್ ಬಹುಮಾನ ದೊರೆಯಿತು.

ಇದಲ್ಲದೆ ಸ್ತನದೊಳಗೇ ಇನ್ನೊಂದು ಹತೋಟಿಯಿದೆ. ಹಾಲು ಬರಿದಾದಷ್ಟೂ ಹೊಸ ಹಾಲು ಬೇಗನೆ ತಯಾರಾಗುತ್ತದೆ. ಹಾಲು ಒಳಗೇ ನಿಂತರೆ ತಯಾರಿಕೆ ನಿಧಾನವಾಗುತ್ತದೆ. ಸ್ತನವನ್ನು ಹಾಲು ತುಂಬಿಟ್ಟ ಕೊಡ ಎಂದು ಭಾವಿಸಬಾರದು. ಅದು ಸೇದಿದಂತೆಲ್ಲ ಊರುವ ಬಾವಿ. ಬಾಣಂತಿಯರ ಅರ್ಧ ಕಷ್ಟಗಳಿಗೆ ಉತ್ತರವು ಈ ಒಂದು ಸಂಗತಿಯಲ್ಲಿ ಅಡಗಿದೆ. “ಹಾಲು ಸಾಲದು” ಎಂದು ಬಗೆದ ತಾಯಿ ಮಗುವಿಗೆ ಒಂದು ಬಾಟಲಿ ಬೇರೆ ಹಾಲನ್ನು ಕುಡಿಸುತ್ತಾಳೆ. ಹೊಟ್ಟೆ ತುಂಬಿದ ಮಗು ಮೊಲೆಯನ್ನು ಕಡಿಮೆ ಚೀಪುತ್ತದೆ. ಕಡಿಮೆ ಚೀಪಿದುದರಿಂದ ಹಾಲು ಕಡಿಮೆಯಾಗುತ್ತದೆ. ಮೊದಲು ಸುಳ್ಳಾಗಿದ್ದ ಮಾತು ಹತ್ತು ದಿನಗಳಲ್ಲಿ ನಿಜವಾಗಿಬಿಡುತ್ತದೆ.

ಮನಸ್ಸು ಮತ್ತು ಹಾಲು

ಹೊಸಬರು ಹಾಲು ಕರೆಯಲು ಕುಳಿತರೆ ಹಸು ಹಾಲಿಳಿಸುವುದಿಲ್ಲ. ಕರುವನ್ನು ಬಿಟ್ಟರೆ, ಪರಿಚಿತರು ಮೈದಡವಿದರೆ ಸೊರೆಬಿಡುತ್ತದೆ. ಇದು ನಮ್ಮ ಹಳ್ಳಿಗರಿಗೆ ತಿಳಿಯದ ವಿಷಯವಲ್ಲ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಹಸುವಿನ ಬೆನ್ನಿನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲಗಳನ್ನು ಊದಿ ಒಡೆದು ಅದನ್ನು ಬೆದರಿಸಿದಾಗ ಹಾಲು ಇಳಿಯದೆ ಹೋಯಿತು.

ಮನುಷ್ಯರಲ್ಲಿಯೂ ಹೀಗೆಯೇ ಆಗುವುದೇ? ಅಮೆರಿಕದ ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿಗಳು 1948ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ಹಾಲೂಡಿಸುತ್ತಿದ್ದ ಒಬ್ಬ ತಾಯಿಯನ್ನು ಕೆಲವು ದಿನ ನೆಮ್ಮದಿಯಿಂದ ಇರಗೊಟ್ಟರು. ಇನ್ನು ಕೆಲವು ದಿನ ಅವಳ ಪಾದಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇರಿಸುವುದು, ಕಾಲ್ಬೆರಳನ್ನು ನೋಯುವಂತೆ ಎಳೆಯುವುದು, ಲೆಕ್ಕದ ಪ್ರಶ್ನೆಗಳನ್ನು ಕೇಳುವುದು ಮೊದಲಾದ ಕಿರುಕುಳಗಳನ್ನು ಕೊಟ್ಟರು. ಕುಡಿಯುವ ಮೊದಲೂ ಅನಂತರವೂ ಮಗುವನ್ನು ತೂಗಿ ಹಾಲಿನ ಮೊತ್ತವನ್ನು ಕಂಡುಕೊಂಡರು. ನೆಮ್ಮದಿಯ ದಿನಗಳಲ್ಲಿ ಮಗುವಿಗೆ ದೊರೆತ ಹಾಲು ಸರಾಸರಿ 168 ಗ್ರಾಂ; ಕಿರುಕುಳದ ದಿನಗಳಲ್ಲಿ 99 ಗ್ರಾಂ. ಕಿರುಕುಳವಿದ್ದರೂ ಆಕ್ಸಿಟೋಸಿನ್ನನ್ನು ಸೂಜಿಯಿಂದ ಕೊಟ್ಟ ದಿನಗಳಲ್ಲಿ ಮತ್ತೆ 153 ಗ್ರಾಂ! ಹಾಲು ತಯಾರಾಗದೆ ಇರಲಿಲ್ಲ. ತಯಾರಾದ ಹಾಲು ಇಳಿಯಲಿಲ್ಲ, ಅಷ್ಟೇ. ಕಳವಳವು ಆಕ್ಸಿಟೋಸಿನ್ನಿನ ಬಿಡುಗಡೆಯನ್ನು ತಡೆದಿತ್ತು. ಒಬ್ಬಳೇ ತಾಯಿಯ ಮೇಲೆ ನಡೆದ ಪ್ರಯೋಗವಾದರೂ ಇದರ ಅರ್ಥ ಸ್ಪಷ್ಟವಾಗಿತ್ತು. ಹಾಲೂಡಿಸುವ ತಾಯಿಗೆ ಧೈರ್ಯ ಹೇಳುವುದು ಬರಿಯ ಉಪಚಾರವಲ್ಲ, ಅದಕ್ಕೆ ಶರೀರದಲ್ಲಿಯೇ ಫಲವುಂಟು.

ಕಡಿದುಹೋದ ಸರಪಣಿ

ಹಾಲೂಡಿಸುವ ವಿದ್ಯೆಯು ಬಹುಕಾಲ ಗ್ರಂಥಗಳಲ್ಲಿ ಇರಲಿಲ್ಲ. ಹೆಂಗಸರ ಮಾತಿನಲ್ಲಿಯೂ ಕೈಯಲ್ಲಿಯೂ ಇತ್ತು. ನಮ್ಮ ನಾಡಿನಲ್ಲಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಪದ್ಧತಿಯ ಹಿಂದೆ ಈ ವಿವೇಕವೂ ಉಂಟು. ತಾಯಿ, ಅಜ್ಜಿ, ಅತ್ತಿಗೆ, ಸೂಲಗಿತ್ತಿ ಇವರ ನಡುವೆ ಬಾಣಂತಿಯು ನೋಡಿ ಕಲಿಯುತ್ತಿದ್ದಳು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಈ ಸರಪಣಿ ಕಡಿದುಹೋಯಿತು. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಹೋಯಿತು. ಅಲ್ಲಿ ಶಿಶುವನ್ನು ತಾಯಿಯಿಂದ ಬೇರ್ಪಡಿಸಿ ಶಿಶುಗಳ ಕೊಠಡಿಯಲ್ಲಿಟ್ಟರು. ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ ಮೊದಲಾದವರು ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲೂಡಿಸಬೇಕು, ರಾತ್ರಿ ಊಡಿಸಕೂಡದು ಎಂದು ಬೋಧಿಸಿದರು. ಸೇದಿದಂತೆ ಊರುವ ಬಾವಿಯನ್ನು ಹೀಗೆ ಸೇದದೆ ಬಿಟ್ಟರೆ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಬಹುದು. ಡಬ್ಬಿಯ ಹಾಲಿನ ಪುಡಿಯ ಜಾಹೀರಾತುಗಳು ಉಳಿದ ಕೆಲಸವನ್ನು ಮುಗಿಸಿದುವು. 1970ರ ಆಚೀಚೆಗೆ ಅಮೆರಿಕದಲ್ಲಿ ಹಾಲೂಡಿಸಲು ತೊಡಗುತ್ತಿದ್ದ ತಾಯಂದಿರು ನಾಲ್ವರಲ್ಲಿ ಒಬ್ಬರು ಮಾತ್ರ. ಕಷ್ಟ ಬಂದಾಗ ಕೇಳೋಣವೆಂದರೆ ಅವರ ತಾಯಂದಿರಿಗೂ ಅನುಭವವಿರಲಿಲ್ಲ.

ಏಳು ಮಂದಿ ತಾಯಂದಿರು

1956ರ ಬೇಸಗೆಯಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದ ಎಲ್ಮ್‌ಹರ್ಸ್ಟ್ ಎಂಬ ಊರಿನ ಉದ್ಯಾನದಲ್ಲಿ ಕೆಲವು ಕುಟುಂಬಗಳು ವನಭೋಜನಕ್ಕೆ ಸೇರಿದ್ದವು. ಮೇರಿ ವೈಟ್ ಮತ್ತು ಮೇರಿಯನ್ ಟಾಮ್ಸನ್ ಎಂಬ ಇಬ್ಬರು ತಾಯಂದಿರು ಮರದ ನೆರಳಿನಲ್ಲಿ ಕುಳಿತು ಮಕ್ಕಳಿಗೆ ಹಾಲೂಡಿಸುತ್ತಿದ್ದರು. ಅದನ್ನು ಕಂಡು ಒಬ್ಬರಾದ ಮೇಲೊಬ್ಬರು ಹೆಂಗಸರು ಹತ್ತಿರ ಬಂದು, ತಾವೂ ಊಡಿಸಬೇಕೆಂದಿದ್ದೆವು, ಆಗದೆ ಹೋಯಿತು ಎಂದು ತಮ್ಮ ಸಂಕಟವನ್ನು ಹೇಳಿಕೊಂಡರು. ಅವರ ಶರೀರದಲ್ಲಿ ಕೊರತೆಯೇನೂ ಇಲ್ಲ, ತಿಳಿಸಿ ಹೇಳುವವರ ಕೊರತೆ ಮಾತ್ರ ಇದೆ ಎಂಬುದು ಈ ಇಬ್ಬರಿಗೂ ಹೊಳೆಯಿತು. ಇನ್ನೂ ಐವರು ಗೆಳತಿಯರನ್ನು ಸೇರಿಸಿಕೊಂಡು, ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಫ್ರಾಂಕ್ಲಿನ್ ಪಾರ್ಕ್ ಎಂಬಲ್ಲಿ ಮೇರಿ ವೈಟ್ ಅವರ ಮನೆಯಲ್ಲಿ ಮೊದಲ ಸಭೆಯನ್ನು ನಡೆಸಿದರು. ಸಂಘಕ್ಕೆ ‘ಲಾ ಲೇಚೆ ಲೀಗ್’ ಎಂದು ಹೆಸರಿಟ್ಟರು. ಲೇಚೆ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹಾಲು. ಸ್ತನ ಎಂಬ ಮಾತನ್ನು ಅಚ್ಚಿನಲ್ಲಿ ಕಾಣಿಸಲು ಪತ್ರಿಕೆಗಳೇ ಸಂಕೋಚಪಡುತ್ತಿದ್ದ ಕಾಲವದು!

ಸಭೆಯ ಕ್ರಮ ಬಹು ಸರಳವಾಗಿತ್ತು. ಯಾರಾದರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವುದು. ಅನುಭವಿಗಳಾದ ತಾಯಂದಿರು ಗರ್ಭಿಣಿಯರ ಮತ್ತು ಹೊಸ ಬಾಣಂತಿಯರ ಪ್ರಶ್ನೆಗಳಿಗೆ ಉತ್ತರ ಹೇಳುವುದು. ವೈದ್ಯರ ಸಲಹೆ ಬೇಕಾದಲ್ಲಿ ಅದನ್ನು ಪಡೆಯುವುದು. 1958ರಲ್ಲಿ ಇವರ ಅನುಭವಗಳು ಪುಸ್ತಕವಾಗಿ ಹೊರಬಂದವು. ಇಂತಹ ಸಂಘಗಳು 1964ರಲ್ಲಿ ಆಸ್ಟ್ರೇಲಿಯದಲ್ಲಿಯೂ 1968ರಲ್ಲಿ ನಾರ್ವೆಯಲ್ಲಿಯೂ ಹುಟ್ಟಿಕೊಂಡವು. ಈಗ ಅಮೆರಿಕದಲ್ಲಿ ಹಾಲೂಡಿಸಲು ತೊಡಗುವ ತಾಯಂದಿರು ಐವರಲ್ಲಿ ನಾಲ್ವರಿಗಿಂತ ಹೆಚ್ಚು. ಈ ಬದಲಾವಣೆಗೆ ಬೇರೆ ಕಾರಣಗಳೂ ಇವೆ. ಆದರೆ ಮೊದಲ ಹೆಜ್ಜೆಯನ್ನಿಟ್ಟವರಲ್ಲಿ ಈ ಗೃಹಿಣಿಯರೂ ಸೇರಿದ್ದಾರೆ.

ಸಾಮಾನ್ಯ ತೊಂದರೆಗಳು

ಇಂತಹ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರುಗಳು ನಾಲ್ಕಾರು ಮಾತ್ರ.

ಮೊದಲನೆಯದು, ತೊಟ್ಟು ನೋಯುವುದು ಮತ್ತು ಬಿರಿಯುವುದು. ಮಗು ತೊಟ್ಟನ್ನಷ್ಟೇ ಬಾಯಿಗೆ ತೆಗೆದುಕೊಂಡು ಚೀಪುವುದೇ ಇದಕ್ಕೆ ಸಾಮಾನ್ಯ ಕಾರಣ. ಮಗುವಿನ ಬಾಯಿ ಅಗಲವಾಗಿ ತೆರೆದಾಗ ಅದನ್ನು ಎದೆಯ ಸಮೀಪಕ್ಕೆ ತರಬೇಕು. ತೊಟ್ಟಿನೊಡನೆ ಸುತ್ತಲಿನ ಕಪ್ಪು ವಲಯದ ಬಹುಭಾಗವೂ ಬಾಯೊಳಗೆ ಹೋಗಬೇಕು. ಗಲ್ಲವು ಎದೆಗೆ ತಾಗಿರಬೇಕು, ಕೆಳದುಟಿ ಹೊರಕ್ಕೆ ಮಡಿಸಿರಬೇಕು. ಹೀಗೆ ಹಿಡಿದರೆ ನೋವು ತಗ್ಗುತ್ತದೆ, ಹಾಲೂ ಚೆನ್ನಾಗಿ ಬರುತ್ತದೆ. ಬರೆದು ತಿಳಿಸಲು ಕಷ್ಟವಾದ ಈ ಕೌಶಲವನ್ನು, ಬಲ್ಲವಳೊಬ್ಬಳು ಪಕ್ಕದಲ್ಲಿ ಕುಳಿತು ಐದು ನಿಮಿಷಗಳಲ್ಲಿ ತೋರಿಸಿಕೊಡಬಲ್ಲಳು.

ಎರಡನೆಯದು, ಎದೆ ಬಿಗಿಯುವುದು. ಹಾಲು ತುಂಬಿ ಬರುವ ಮೂರು ನಾಲ್ಕನೆಯ ದಿನ ಇದು ಹೆಚ್ಚು. ಮಗುವಿಗೆ ಪದೇ ಪದೇ ಊಡಿಸುವುದೂ, ತೊಟ್ಟಿನ ಸುತ್ತ ಬಿಗಿತ ಸಡಿಲವಾಗುವಂತೆ ಕೈಯಿಂದ ತುಸು ಹಾಲನ್ನು ಹಿಂಡುವುದೂ, ನಡುವೆ ತಣ್ಣೀರಿನ ಬಟ್ಟೆ ಹಾಕುವುದೂ ಇದಕ್ಕೆ ಉಪಾಯಗಳು. ಒಂದು ಭಾಗವು ಕೆಂಪಗಾಗಿ, ನೋವಿನೊಡನೆ ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು. ಆದರೆ ಆಗಲೂ ಸಾಮಾನ್ಯವಾಗಿ ಊಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಮೂರನೆಯದು, ಹಾಲು ಸಾಲದೆಂಬ ಭಯ. ಮಗುವಿನ ಅಳುವಿಗೆ ಕಾರಣಗಳು ನೂರು. ಅಳುವನ್ನೇ ನಂಬಿ ತೀರ್ಮಾನಿಸಬಾರದು. ಐದನೆಯ ದಿನದಿಂದ ಮಗುವು ದಿನಕ್ಕೆ ಆರು ಸಲ ಅಥವಾ ಹೆಚ್ಚು ಮೂತ್ರ ಮಾಡುತ್ತಿದ್ದರೆ, ಮೊದಲ ದಿನಗಳಲ್ಲಿ ಇಳಿದ ತೂಕವು ಸುಮಾರು ಎರಡು ವಾರಗಳೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಬಂದು ಮುಂದೆ ಏರುತ್ತಿದ್ದರೆ, ಹಾಲು ಸಾಕಷ್ಟು ದೊರೆಯುತ್ತಿದೆ ಎಂದು ತಿಳಿಯಬಹುದು.

ಉಡುಪಿನ ಅಳತೆ

ಎದೆ ಬಿಗಿಯುವುದಕ್ಕೆ ಕೆಲವೊಮ್ಮೆ ಉಡುಪೂ ಕಾರಣವಾಗುವುದರಿಂದ ಅದರ ವಿಚಾರವನ್ನೂ ಹೇಳಬೇಕು. ಮೇರಿ ಫೆಲ್ಪ್ಸ್ ಜೇಕಬ್ ಎಂಬ ಅಮೆರಿಕದ ಯುವತಿಯು ಎರಡು ಕರವಸ್ತ್ರಗಳನ್ನು ರಿಬ್ಬನ್ನಿನಿಂದ ಜೋಡಿಸಿ ತಯಾರಿಸಿದ ಒಳಉಡುಪಿಗೆ 1914ರಲ್ಲಿ ಪೇಟೆಂಟ್ ದೊರೆಯಿತು. ಬ್ರಾ ಎಂಬ ಉಡುಪು ವ್ಯಾಪಕವಾಗಿ ಬಳಕೆಗೆ ಬಂದುದು ಅನಂತರವೇ. 1930ರ ದಶಕದಲ್ಲಿ ಅದರ ಬಟ್ಟಲಿನ ಗಾತ್ರವನ್ನು ಎ, ಬಿ, ಸಿ, ಡಿ ಎಂಬ ಅಕ್ಷರಗಳಿಂದ ಸೂಚಿಸುವ ಕ್ರಮ ಬಂದಿತು.

ಈ ಅಕ್ಷರಗಳ ಅರ್ಥವನ್ನು ಅನೇಕರು ತಪ್ಪಾಗಿ ತಿಳಿದಿರುವುದುಂಟು. ಅಳತೆಗಳು ಎರಡು: ಸ್ತನದ ಕೆಳಗೆ ಎದೆಗೂಡಿನ ಸುತ್ತಳತೆ ಮತ್ತು ಸ್ತನದ ಉಬ್ಬಿನ ಮೇಲಿನ ಸುತ್ತಳತೆ. ಮೊದಲನೆಯದರಿಂದ ಪಟ್ಟಿಯ ಸಂಖ್ಯೆಯೂ, ಎರಡರ ವ್ಯತ್ಯಾಸದಿಂದ ಬಟ್ಟಲಿನ ಅಕ್ಷರವೂ ದೊರೆಯುತ್ತವೆ. ವ್ಯತ್ಯಾಸವು ಒಂದೊಂದು ಅಂಗುಲ ಹೆಚ್ಚಿದಂತೆ ಅಕ್ಷರವೂ ಮುಂದೆ ಸಾಗುತ್ತದೆ. ಹೀಗಾಗಿ ಅಕ್ಷರವೊಂದರಿಂದಲೇ ಗಾತ್ರ ತಿಳಿಯದು. 32ರ ‘ಸಿ’ ಬಟ್ಟಲಿಗಿಂತ 38ರ ‘ಸಿ’ ಬಟ್ಟಲು ಬಹಳ ದೊಡ್ಡದು. ಪಟ್ಟಿಯು ಬೆನ್ನಿನಲ್ಲಿ ಮೇಲಕ್ಕೇರದೆ ಸಮವಾಗಿ ಸುತ್ತಿರಬೇಕು. ಅದರಡಿ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಭಾರವನ್ನು ಹೊರಬೇಕಾದುದು ಮುಖ್ಯವಾಗಿ ಪಟ್ಟಿ, ಹೆಗಲಿನ ದಾರಗಳಲ್ಲ.

ಗರ್ಭಿಣಿಯಲ್ಲಿ ಗ್ರಂಥಿ ಬೆಳೆಯುವುದರಿಂದಲೂ ಹೆರಿಗೆಯ ಬಳಿಕ ಹಾಲು ತುಂಬುವುದರಿಂದಲೂ ಈ ಅಳತೆಗಳು ಮತ್ತೆ ಮತ್ತೆ ಬದಲಾಗುತ್ತವೆ. ಹಳೆಯ ಅಳತೆಯ ಬ್ರಾ, ಬಿಗಿಯಾದ ರವಿಕೆ, ಒತ್ತುವ ತಂತಿ ಇವು ಹಾಲಿನ ಹರಿವನ್ನು ಒಂದೆಡೆ ತಡೆದು ಗಂಟಿಗೂ ನೋವಿಗೂ ಕಾರಣವಾಗಬಹುದು. ಬಾಣಂತಿಯ ಉಡುಪು ಆಧಾರ ಕೊಡಬೇಕು, ಒತ್ತಬಾರದು. ಅಂಗಡಿಯಲ್ಲಿ ಕೇಳಲು ನಾಚಿ, ಅಂದಾಜಿನಿಂದ ಕೊಂಡುದನ್ನೇ ವರ್ಷಗಟ್ಟಲೆ ತೊಡುವ ಹೆಂಗಸರಿಗೆ ಇಷ್ಟು ಮಾತನ್ನು ಅಕ್ಕನೋ ಗೆಳತಿಯೋ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಹಾಲೂಡಿಸಿದರೆ ಸ್ತನ ಜೋಲುತ್ತದೆ ಎಂಬ ಇನ್ನೊಂದು ಭಯವೂ ಇದೆ. 2008ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸು, ಗರ್ಭಗಳ ಸಂಖ್ಯೆ, ಧೂಮಪಾನ ಮೊದಲಾದುವು ಕಾರಣಗಳೆಂದು ಕಂಡುಬಂದವು. ಹಾಲೂಡಿಸುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಮಾತಿನ ಬಲ, ಮಾತಿನ ಮಿತಿ

ಹೆಂಗಸರ ಮಾತಿಗೆ ನಿಜವಾಗಿ ಇಷ್ಟು ಬಲವಿದೆಯೇ? ವಿಜ್ಞಾನವು ನಂಬಿಕೆಯ ಮೇಲೆ ನಿಲ್ಲದು, ಅಳೆದು ನೋಡಬೇಕು. ಬಾಂಗ್ಲಾದೇಶದ ಢಾಕಾ ನಗರದಲ್ಲಿ ಅಂತಹ ಪರೀಕ್ಷೆಯೊಂದು ನಡೆದು 2000ದಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹಾಲೂಡಿಸಿದ ಅನುಭವವುಳ್ಳ ಸ್ಥಳೀಯ ತಾಯಂದಿರಿಗೆ ತರಬೇತಿ ಕೊಟ್ಟು, ಗರ್ಭಿಣಿಯರ ಮನೆಗಳಿಗೆ ಹೆರಿಗೆಗೆ ಮೊದಲಿನಿಂದ ಮಗುವಿಗೆ ಐದು ತಿಂಗಳಾಗುವವರೆಗೆ ಕಳುಹಿಸಿದರು. ಐದನೆಯ ತಿಂಗಳಿನಲ್ಲಿ ತಾಯಿಯ ಹಾಲನ್ನು ಮಾತ್ರವೇ ಕೊಡುತ್ತಿದ್ದವರು, ಇವರು ಭೇಟಿಯಿತ್ತ ಮನೆಗಳಲ್ಲಿ ನೂರಕ್ಕೆ 70 ಮಂದಿ. ಭೇಟಿಯಿಲ್ಲದ ಮನೆಗಳಲ್ಲಿ ನೂರಕ್ಕೆ 6 ಮಂದಿ! ಶುದ್ಧವಾದ ನೀರು ದೊರೆಯದ ಬಡ ಕುಟುಂಬದಲ್ಲಿ ಬಾಟಲಿಯ ಹಾಲೆಂದರೆ ಭೇದಿಯ ರೋಗಕ್ಕೆ ಬಾಗಿಲು ತೆರೆದಂತೆ. ಆದುದರಿಂದ ಈ ಎರಡು ಸಂಖ್ಯೆಗಳ ನಡುವಣ ಅಂತರವು ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ್ದು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದೂ, ಅನಂತರ ಬೇರೆ ಆಹಾರದೊಡನೆ ಎರಡು ವರ್ಷ ಅಥವಾ ಇನ್ನೂ ಮುಂದೆ ಅದನ್ನು ಕೊಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡುತ್ತದೆ. ಶಿಶುಗಳ ಹಾಲಿನ ಪುಡಿಯ ಜಾಹೀರಾತನ್ನು ನಿಷೇಧಿಸುವ ಕಾಯಿದೆ ನಮ್ಮ ದೇಶದಲ್ಲಿ 1992ರಲ್ಲಿ ಬಂದಿದೆ.

ಮಾತಿಗೆ ಮಿತಿಯೂ ಉಂಟು. ಗಿಣ್ಣುಹಾಲನ್ನು ಚೆಲ್ಲಬೇಕೆಂದು ಹೇಳಿದವರೂ ಅನುಭವಿಗಳಾದ ಹಿರಿಯರೇ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸಬೇಕೆಂದವರೂ ಅವರೇ. ಜೇನಿನಿಂದ ಅಪಾಯಕರವಾದ ರೋಗಾಣುಗಳು ಶಿಶುವನ್ನು ಸೇರಬಹುದೆಂದು ಈಗ ತಿಳಿದಿದೆ. ಹಿರಿಯರ ಪ್ರೀತಿಯನ್ನು ಗೌರವಿಸುತ್ತಲೇ ಅವರ ಮಾತನ್ನು ಪರೀಕ್ಷಿಸಬೇಕು. ಇನ್ನು, ಮಗು ಮಂಕಾಗಿ ಕುಡಿಯದೆ ಮಲಗಿದ್ದರೆ, ಮೂತ್ರ ಕಡಿಮೆಯಾದರೆ, ಮೈ ಹಳದಿಯಾಗಿದ್ದರೆ, ತೂಕ ಏರದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಗ್ರಂಥಿಗೆ ಹಾನಿಯಾದವರು, ಸ್ತನದ ಶಸ್ತ್ರಚಿಕಿತ್ಸೆಯಾದವರು, ಗ್ರಂಥಿಯೇ ಸಾಕಷ್ಟು ಬೆಳೆಯದವರು, ಹೀಗೆ ಕೆಲವು ತಾಯಂದಿರಿಗೆ ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದು. ಅಂಥವರನ್ನು ದೂಷಿಸುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು. ಮಗುವಿನ ಹೊಟ್ಟೆ ತುಂಬಬೇಕಾದುದು ಎಲ್ಲಕ್ಕಿಂತ ಮುಖ್ಯ.

ಇಂದು ನಮ್ಮಲ್ಲಿಯೂ ಸಂಸಾರಗಳು ಚಿಕ್ಕವಾಗಿವೆ. ಪರಊರಿನಲ್ಲಿ, ಪರದೇಶದಲ್ಲಿ ಒಂಟಿಯಾಗಿ ಬಾಣಂತನ ಕಳೆಯುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಾಣಂತಿಯರನ್ನು ವಿಚಾರಿಸುತ್ತಿರುವುದು ಸಮಾಧಾನದ ಸಂಗತಿ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿ ವಿದ್ಯಾರ್ಥಿನಿಯರೂ ಮುಂದೆ ಒಂದು ದಿನ ತಾಯಿಯಾಗಿಯೋ ತಂದೆಯಾಗಿಯೋ, ಅಕ್ಕನಾಗಿಯೋ ಮಾವನಾಗಿಯೋ ಒಬ್ಬ ಬಾಣಂತಿಯ ಬಳಿ ನಿಲ್ಲುವರು. ಆಗ ಅವಳು “ನನಗೆ ಹಾಲು ಸಾಲದು” ಎಂದು ಕಣ್ಣೀರು ತಂದರೆ, ಬಾಟಲಿಯನ್ನು ತರಲು ಓಡುವ ಮುನ್ನ ಅವಳ ಪಕ್ಕದಲ್ಲಿ ಕುಳಿತು, ಮಗುವಿನ ತೂಕವೆಷ್ಟು, ದಿನಕ್ಕೆ ಎಷ್ಟು ಸಲ ಮೂತ್ರವಾಗುತ್ತದೆ ಎಂದು ಕೇಳಿರಿ. ಬಲ್ಲ ಹೆಂಗಸೊಬ್ಬಳನ್ನು ಕರೆತನ್ನಿರಿ. ಬಾವಿಯಲ್ಲಿ ನೀರಿದೆಯೇ ಇಲ್ಲವೇ ಎಂಬುದು ಸೇದಿ ನೋಡಿದ ಮೇಲೆ ಹೇಳತಕ್ಕ ಮಾತು.